ಸರೆಂಡರ್ ಮಾಡಿದ ರಜೆ ಜ್ವರ ಬಂದಾಗ ಸಿಗುವುದಿಲ್ಲ

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಒಂದು ನಗರಸಭೆಯಲ್ಲಿ ಕ್ಲಾರ್ಕ್. ಪ್ರೊಬೇಷನ್ ಮುಗಿದಿದೆ, ಸೇವೆಗೆ ಆರು ವರ್ಷ ತುಂಬಿದೆ. ಮಳೆಗಾಲದಲ್ಲಿ ಕಾಮಾಲೆ ಬಂದು 26 ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ಮಂಗಳೂರಿನಲ್ಲಿ ಚಿಕಿತ್ಸೆ ಆಯಿತು. ಮೊದಲ 5 ದಿನ ಕ್ಯಾಶುವಲ್ ಲೀವ್ ಹಾಕಿದ್ದೆ. ಅರ್ನ್ಡ್ ಲೀವ್, ಅಂದರೆ ಗಳಿಕೆ ರಜೆಯನ್ನು, ಪ್ರತಿ ವರ್ಷ ಸರೆಂಡರ್ ಮಾಡಿ ಹಣ ಪಡೆದಿದ್ದರಿಂದ ಬಾಕಿ ಇಲ್ಲ. ಉಳಿದ 21 ದಿನಕ್ಕೆ ಸಂಬಳವಿಲ್ಲದ ರಜೆ ಎಂದು ಬರೆದುಕೊಡಿ ಅಂತ ಸೆಕ್ಷನ್‌ನಲ್ಲಿ ಹೇಳುತ್ತಿದ್ದಾರೆ. ಇದು ಸರಿಯೇ? ಮುಂದಿನ ವೇತನ ಪರಿಷ್ಕರಣೆಯಲ್ಲಿ ರಜೆ ನಿಯಮಗಳೂ ಬದಲಾಗಬೇಕು ಎಂದು ನಮ್ಮ ಸಂಘ ಮನವಿ ತಯಾರಿಸುತ್ತಿದೆ. ಕಾಯಿಲೆ ರಜೆಯನ್ನೂ ಹಣವಾಗಿ ಕೊಡಬೇಕು, ಎಲ್ಲ ರಜೆಯನ್ನೂ ಒಟ್ಟು ಸೇರಿಸಿ ನಮ್ಮಿಷ್ಟಕ್ಕೆ ಬಿಡಬೇಕು ಎಂದು ಕೆಲವರು ಹೇಳುತ್ತಿದ್ದಾರೆ. ಇದನ್ನು ನಗರಸಭೆಯ ಕೌನ್ಸಿಲೇ ಮಾಡಬಹುದಲ್ಲವೇ? ನಮ್ಮಲ್ಲಿ ದಿನಗೂಲಿಗೆ ಚರಂಡಿ ಶುಚಿ ಮಾಡುವ ಒಬ್ಬರು ಅಣ್ಣನಿಗೂ ಅದೇ ಸಮಯದಲ್ಲಿ ಇಲಿಜ್ವರ ಬಂದಿತ್ತು. ಅವರಿಗೆ ಒಂದು ದಿನದ ಸಂಬಳವೂ ಸಿಗಲಿಲ್ಲ. ಅವರಿಗೆ ಏನು ದಾರಿ?

ಉತ್ತರ: ಮೊದಲು ನಿಮ್ಮ ವಿಷಯ ಮುಗಿಸುತ್ತೇನೆ, ಏಕೆಂದರೆ ಅದಕ್ಕೆ ಅವಸರ ಇದೆ. ಸಂಬಳವಿಲ್ಲದ ರಜೆಗೆ ದಯವಿಟ್ಟು ಸಹಿ ಹಾಕಬೇಡಿ. ನಿಮ್ಮ ಲೆಕ್ಕದಲ್ಲಿ ರಜೆ ಇದೆ. ಅದನ್ನು ಯಾರೂ ನೋಡಿಲ್ಲ, ಅಷ್ಟೇ.

ಕೇರಳ ಸರ್ವಿಸ್ ರೂಲ್ಸ್ ಪ್ರಕಾರ ತುಂಬಿದ ಪ್ರತಿ ವರ್ಷದ ಸೇವೆಗೆ 20 ದಿನ ಹಾಫ್ ಪೇ ಲೀವ್, ಅಂದರೆ ಅರ್ಧ ವೇತನದ ರಜೆ, ನಿಮ್ಮ ಖಾತೆಗೆ ಸೇರುತ್ತದೆ. ಆರು ವರ್ಷಕ್ಕೆ 120 ದಿನ. ನೀವು ಈವರೆಗೆ ಅದನ್ನು ಮುಟ್ಟಿಲ್ಲ ಎಂದುಕೊಳ್ಳೋಣ. ಈ ರಜೆಯನ್ನು ಪೂರ್ಣ ವೇತನಕ್ಕೆ ಪರಿವರ್ತಿಸಿಕೊಳ್ಳಬಹುದು. ಅದೇ ಕಮ್ಯೂಟೆಡ್ ಲೀವ್. ಒಂದು ದಿನ ಪೂರ್ಣ ವೇತನ ಬೇಕಾದರೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ. ಹಾಗಾಗಿ ನಿಮ್ಮ 120 ದಿನ ಎಂದರೆ 60 ದಿನದ ಪೂರ್ಣ ವೇತನದ ಕಾಯಿಲೆ ರಜೆ. ನಿಮಗೆ ಬೇಕಾದದ್ದು 26. ಖಾತೆಯಿಂದ 52 ಹೋಗುತ್ತದೆ, 68 ಉಳಿಯುತ್ತದೆ. ಒಂದು ರೂಪಾಯಿ ಸಂಬಳವೂ ಕಡಿಮೆ ಆಗಬೇಕಾಗಿಲ್ಲ.

21 ದಿನಕ್ಕೆ ಸಾಕಲ್ಲ, 26 ಏಕೆ ಎಂದು ನೀವು ಕೇಳಬಹುದು. ಕ್ಯಾಶುವಲ್ ಲೀವನ್ನು ಬೇರೆ ರಜೆಯ ಜೊತೆ ಜೋಡಿಸುವಂತಿಲ್ಲ. ಐದು ದಿನ ಕ್ಯಾಶುವಲ್, ಅದರ ಬೆನ್ನಿಗೇ ಕಮ್ಯೂಟೆಡ್ ಎಂದು ಬರೆದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಇಡೀ ಅವಧಿಗೆ ಕಮ್ಯೂಟೆಡ್ ಲೀವ್ ಕೇಳಿ ಬರೆಯಿರಿ. ಆ ಐದು ಕ್ಯಾಶುವಲ್ ರದ್ದಾಗಿ ನಿಮ್ಮ ಖಾತೆಗೆ ವಾಪಸ್ ಬರಲಿ. ವರ್ಷಕ್ಕೆ 20 ಕ್ಯಾಶುವಲ್ ಇದೆ, ನಿಜ. ಆದರೆ ಮನೆಯ ತಿಥಿ, ಊರಿನ ನೇಮ, ತಂಗಿಯ ಮದುವೆ ಎಲ್ಲವೂ ಅದರಲ್ಲೇ ಆಗಬೇಕಲ್ವಾ? ಡಿಸೆಂಬರ್ ಬರುವಾಗ ಅದರ ಬೆಲೆ ಗೊತ್ತಾಗುತ್ತದೆ.

ಸೆಕ್ಷನ್‌ನವರು ಒಪ್ಪದಿದ್ದರೆ ಎರಡು ಮಾತು ವಿನಯದಿಂದ ಹೇಳಿ. ಒಂದು, ಬೇರೆ ಯಾವ ರಜೆಯೂ ಬಾಕಿ ಇಲ್ಲದಾಗ ಅಥವಾ ನೌಕರರೇ ಬರೆದು ಕೇಳಿದಾಗ ಮಾತ್ರ ಸಂಬಳವಿಲ್ಲದ ರಜೆ ಕೊಡುವುದು. ಅವರು ನಿಮ್ಮಿಂದ ಬರೆಸಿಕೊಳ್ಳಲು ನೋಡುತ್ತಿರುವುದು ಇದಕ್ಕೇ. ಎರಡು, ರಜೆ ಮಂಜೂರು ಮಾಡುವ ಅಧಿಕಾರಿ ರಜೆಯನ್ನು ನಿರಾಕರಿಸಬಹುದು, ಆದರೆ ನೀವು ಕೇಳಿದ ರಜೆಯ ವಿಧವನ್ನು ತಾವಾಗಿ ಬದಲಾಯಿಸುವಂತಿಲ್ಲ. ಇದು ನಿಯಮದಲ್ಲೇ ಇದೆ. ಅವರಿಗೆ ನಿಮ್ಮ ಮೇಲೆ ದ್ವೇಷ ಇದೆ ಎಂದು ನನಗೆ ಅನಿಸುವುದಿಲ್ಲ. ಹಾಫ್ ಪೇ ಲೀವ್ ಎನ್ನುವುದು ಸರ್ವಿಸ್ ಬುಕ್‌ನ ಪುಟದಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಯಾರೂ ಅದನ್ನು ತೆರೆದು ನೋಡುವುದಿಲ್ಲ. ನೀವೇ ಸರ್ವಿಸ್ ಬುಕ್ ಕೇಳಿ ಪಡೆದು ರಜೆಯ ಖಾತೆಯನ್ನು ಒಮ್ಮೆ ಓದಿ.

ಮಂಗಳೂರಿನ ವೈದ್ಯರ ಸರ್ಟಿಫಿಕೇಟ್ ಬಗ್ಗೆ ನೀವು ನೇರವಾಗಿ ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯ ಅರ್ಧ ಜನ ದೊಡ್ಡ ಕಾಯಿಲೆಗೆ ತಲಪಾಡಿ ದಾಟಿಯೇ ಹೋಗುವುದು. ಸರ್ಟಿಫಿಕೇಟ್‌ನಲ್ಲಿ ವೈದ್ಯರ ನೋಂದಣಿ ಸಂಖ್ಯೆ, ರೋಗದ ಹೆಸರು, ಎಷ್ಟು ದಿನ ವಿಶ್ರಾಂತಿ ಬೇಕು ಎನ್ನುವುದು ಸ್ಪಷ್ಟವಾಗಿ ಇರಲಿ. ಕೆಲಸಕ್ಕೆ ಮರಳುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ಬೇರೆಯೇ ಬೇಕು. ಡಿಸ್‌ಚಾರ್ಜ್ ಸಮ್ಮರಿ ಇದ್ದರೆ ಅದರ ಪ್ರತಿಯನ್ನೂ ಇಡಿ. ಕಚೇರಿಗೆ ಸಂಶಯ ಬಂದರೆ ಸರ್ಕಾರಿ ವೈದ್ಯರ ಅಭಿಪ್ರಾಯ ಕೇಳಬಹುದು. ಅದು ಅವರ ಅಧಿಕಾರ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಇನ್ನು ಸರೆಂಡರ್ ವಿಷಯ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ಅರ್ನ್ಡ್ ಲೀವ್ ಬರುವುದು 11 ದಿನ ಕೆಲಸಕ್ಕೆ ಒಂದು ದಿನದಂತೆ. ಇಡೀ ವರ್ಷ ಕೆಲಸ ಮಾಡಿದರೆ ಸುಮಾರು 33 ದಿನ. ವರ್ಷಕ್ಕೆ 30 ದಿನ ಸರೆಂಡರ್ ಮಾಡಬಹುದು. ಪೂರ್ತಿ ಸರೆಂಡರ್ ಮಾಡಿದವರ ಕೈಯಲ್ಲಿ ಉಳಿಯುವುದು ಮೂರು ದಿನ. ನಮಗೆ ಶಾಲೆಯವರ ಹಾಗೆ ಎಪ್ರಿಲ್‌ ಮೇ ರಜೆ ಇಲ್ಲ. ಈ 33 ದಿನವೇ ನಮ್ಮ ಬೇಸಿಗೆ ರಜೆ, ನಮ್ಮ ತೀರ್ಥಯಾತ್ರೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ, ಸುಮ್ನೆ ಮನೆಯಲ್ಲಿ ಕೂರುವ ದಿನ. ಅದನ್ನು ಮಾರಿದರೆ ವರ್ಷಕ್ಕೊಮ್ಮೆ ಒಂದು ತಿಂಗಳ ಸಂಬಳ ಜಾಸ್ತಿ ಬರುತ್ತದೆ, ಒಪ್ಪುತ್ತೇನೆ. ಮನೆ ಸಾಲ ಇದ್ದವರಿಗೆ, ಮಕ್ಕಳ ಫೀಸ್ ಕಟ್ಟುವವರಿಗೆ ಅದು ದೊಡ್ಡ ಆಸರೆ. ಆದರೆ ಆ ಹಣವೂ ಯಾವಾಗಲೂ ಕೈಗೇ ಬರುತ್ತದೆ ಎಂದೇನಿಲ್ಲ. ಕೋವಿಡ್ ಕಾಲದಲ್ಲಿ ಸರ್ಕಾರ ಸರೆಂಡರನ್ನು ತಡೆಹಿಡಿಯಿತು. ಆಮೇಲೆ ಹಣವನ್ನು ಪಿಎಫ್ ಖಾತೆಗೆ ಹಾಕಿ, ಕೆಲವು ವರ್ಷ ತೆಗೆಯುವಂತಿಲ್ಲ ಎಂದು ಹೇಳಿದ್ದೂ ಇದೆ. ರಜೆಯೂ ಇಲ್ಲ, ಹಣವೂ ಸದ್ಯಕ್ಕಿಲ್ಲ ಎಂಬಂತಾಯಿತು.

ನಿವೃತ್ತಿಯ ಹೊತ್ತಿಗೆ 300 ದಿನದವರೆಗಿನ ಅರ್ನ್ಡ್ ಲೀವನ್ನು ಒಟ್ಟಿಗೆ ಹಣ ಮಾಡಿಕೊಳ್ಳುವ ಅವಕಾಶವೂ ಇದೆ. ವರ್ಷವರ್ಷವೂ ಪೂರ್ತಿ ಮಾರಿದವರು ಆ 300ರ ಹತ್ತಿರವೂ ಹೋಗುವುದಿಲ್ಲ. ನನ್ನ ಸಲಹೆ ಇಷ್ಟು: ಹಣ ಬೇಕೇ ಬೇಕಾದ ವರ್ಷ ಅರ್ಧ ಸರೆಂಡರ್ ಮಾಡಿ. ವರ್ಷಕ್ಕೆ ಹತ್ತು ದಿನವಾದರೂ ನಿಜವಾಗಿ ರಜೆ ತೆಗೆದುಕೊಳ್ಳಿ. ಉಳಿದದ್ದು ಖಾತೆಯಲ್ಲಿ ಬೆಳೆಯಲಿ. ನಗರಸಭೆಯಲ್ಲಿ ಫೆಬ್ರವರಿ, ಮಾರ್ಚ್ ಎಂದರೆ ತೆರಿಗೆ ವಸೂಲಿ, ಯೋಜನೆಯ ಬಿಲ್ಲು, ವರ್ಷಾಂತ್ಯದ ಗಡಿಬಿಡಿ. ಆಗ ಯಾರೂ ರಜೆ ಕೊಡುವುದಿಲ್ಲ. ಮೇ ತಿಂಗಳಿಗೋ ಓಣಂನ ಆಚೀಚೆಗೋ ಬೇಕಾದರೆ ಮೊದಲೇ ಬರೆದುಕೊಡಿ.

ಈಗ ಪರಿಷ್ಕರಣೆಗೆ ಬರೋಣ. ನಗರಸಭೆಯ ಕೌನ್ಸಿಲ್ ತಾನೇ ರಜೆಯ ದಿನಗಳನ್ನು ಹೆಚ್ಚಿಸಲು ಆಗುವುದಿಲ್ಲ. ಕಾಸರಗೋಡು, ಕಾಞಂಗಾಡು, ನೀಲೇಶ್ವರ, ಮೂರೂ ನಗರಸಭೆಗಳು 1994ರ ಕೇರಳ ಮುನಿಸಿಪಾಲಿಟಿ ಕಾಯಿದೆಯ ಅಡಿಯಲ್ಲಿ ನಡೆಯುತ್ತವೆ. ಕಚೇರಿ ಸಿಬ್ಬಂದಿಯ ಸೇವಾ ನಿಯಮ ಮಾಡುವುದು ರಾಜ್ಯ ಸರ್ಕಾರ. 2022ರಲ್ಲಿ ಪಂಚಾಯತ್, ಗ್ರಾಮಾಭಿವೃದ್ಧಿ, ನಗರ ವ್ಯವಹಾರ, ನಗರ ಯೋಜನೆ, ಎಂಜಿನಿಯರಿಂಗ್ ಎಂಬ ಐದು ವಿಭಾಗಗಳನ್ನು ಸೇರಿಸಿ ಒಂದೇ ಸ್ಥಳೀಯಾಡಳಿತ ಸೇವೆ ಮಾಡಿದ ಮೇಲಂತೂ ಒಂದು ಊರಿಗೆ ಒಂದು ನಿಯಮ ಎನ್ನುವ ಪ್ರಶ್ನೆಯೇ ಇಲ್ಲ. ಕೌನ್ಸಿಲ್ ನಿರ್ಣಯ ಮಾಡಿ ಸರ್ಕಾರಕ್ಕೆ ಕಳಿಸಬಹುದು. ಆ ನಿರ್ಣಯಕ್ಕೆ ತೂಕ ಇದೆ, ಆದರೆ ಅದು ನಿಯಮವಲ್ಲ. ನಿಮ್ಮ ಸಂಘದ ಮನವಿ ಹೋಗಬೇಕಾದದ್ದು ಸ್ಥಳೀಯಾಡಳಿತ ಇಲಾಖೆಗೆ, ಹಣಕಾಸು ಇಲಾಖೆಗೆ, ಮತ್ತು ವೇತನ ಆಯೋಗ ರಚನೆಯಾದರೆ ಅದಕ್ಕೆ. ಹಿಂದಿನ ಪರಿಷ್ಕರಣೆ 2019ರ ಜುಲೈ 1ರಿಂದ ಅನ್ವಯವಾಯಿತು, ಆದೇಶ ಬಂದದ್ದು 2021ರಲ್ಲಿ. ಈ ಕೆಲಸಕ್ಕೆ ತಾಳ್ಮೆ ಬೇಕು.

ಪರಿಷ್ಕರಣೆ ಎಂದರೆ ರಜೆ ಹೆಚ್ಚುವುದು ಎಂದೇ ಎಲ್ಲರೂ ಅಂದುಕೊಂಡಿದ್ದಾರೆ. ಹಾಗಲ್ಲ. ಸಂಬಳವಿಲ್ಲದೆ 20 ವರ್ಷ ರಜೆ ಹಾಕಿ ಹೊರಗೆ ದುಡಿಯುವ ಅವಕಾಶ ಇತ್ತಲ್ಲ, ನಮ್ಮ ಕಡೆಯ ಎಷ್ಟೋ ಜನ ಅದರಲ್ಲಿ ಗಲ್ಫ್‌ಗೆ ಹೋದರು. 2020ರಲ್ಲಿ ಅದನ್ನು 5 ವರ್ಷಕ್ಕೆ ಇಳಿಸಿದರು. ಗಡಿಯಾಚೆ ಕರ್ನಾಟಕದಲ್ಲಿ 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು, ಕ್ಯಾಶುವಲ್ ಲೀವನ್ನು 15ರಿಂದ 10ಕ್ಕೆ ಇಳಿಸಿದರು. ಒಂದು ಕೈಯಲ್ಲಿ ಕೊಟ್ಟಾಗ ಇನ್ನೊಂದು ಕೈ ಏನು ತೆಗೆದುಕೊಳ್ಳುತ್ತದೆ ಎಂದು ನೋಡಬೇಕು. ಹೋಲಿಸುವುದಾದರೆ ಅಲ್ಲಿ ಅರ್ನ್ಡ್ ಲೀವ್ ವರ್ಷಕ್ಕೆ 30, ಜನವರಿಗೆ 15, ಜುಲೈಗೆ 15. ಹಾಫ್ ಪೇ ಲೀವ್ ಇಲ್ಲಿಯಂತೆಯೇ 20. ಮಹಿಳಾ ನೌಕರರಿಗೆ ಸೇವಾವಧಿಯಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯನ್ನು 2021ರಲ್ಲಿ ಕೊಟ್ಟರು. ಇದನ್ನು ನೀವು ಇಲ್ಲಿ ಧೈರ್ಯವಾಗಿ ಕೇಳಬಹುದು. ಹೆರಿಗೆಗೆ ನಮ್ಮಲ್ಲಿ 180 ದಿನ ಇದೆ, ತಂದೆಗೆ 10 ದಿನ ಇದೆ. ಮಗುವಿಗೆ ಎಂಟು ವರ್ಷವಾದಾಗ ಜ್ವರ ಬಂದರೆ ತಾಯಿ ಮತ್ತೆ ಕ್ಯಾಶುವಲ್ ಲೀವನ್ನೇ ಹುಡುಕಬೇಕು.

ಎಲ್ಲ ರಜೆಯನ್ನೂ ಒಂದೇ ಗಂಟು ಕಟ್ಟಿ ಕೈಗೆ ಕೊಡಿ ಎನ್ನುವ ಬೇಡಿಕೆಗೆ ನನ್ನ ವಿರೋಧ ಇದೆ. ಕೇಳಲು ಸರಳ, ಆದರೆ ಆರೋಗ್ಯವಾಗಿರುವ ಇಪ್ಪತ್ತೈದರ ಹುಡುಗನಿಗೆ ಮಾತ್ರ ಲಾಭ. ಸಕ್ಕರೆ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸುವವರು, ಮುಟ್ಟಿನ ಸಮಸ್ಯೆ ಇರುವವರು ಮೊದಲ ಮೂರು ತಿಂಗಳಲ್ಲೇ ಗಂಟು ಖಾಲಿ ಮಾಡಿಕೊಳ್ಳುತ್ತಾರೆ. ಅವರಿಗೆ ವಿಶ್ರಾಂತಿಯ ರಜೆ ಎಂಬುದೇ ಇರುವುದಿಲ್ಲ. ಕಾಯಿಲೆ ರಜೆ ಬೇರೆ ಇರಬೇಕಾದ್ದು ಇದಕ್ಕೇ.

ಕಾಯಿಲೆ ರಜೆಗೆ ಹಣ ಕೊಡಿ ಎನ್ನುವುದು ಇನ್ನೂ ಅಪಾಯ. ಅರ್ನ್ಡ್ ಲೀವ್‌ಗೆ ಏನಾಯಿತು ಎಂದು ಈಗಷ್ಟೇ ನೋಡಿದೆವು. ನಾಳೆ ಹಾಫ್ ಪೇ ಲೀವ್‌ಗೂ ಬೆಲೆ ಕಟ್ಟಿದರೆ ಜನ ಜ್ವರದಲ್ಲೂ ಕೌಂಟರ್‌ನಲ್ಲಿ ಕೂರುತ್ತಾರೆ. ಜನನ ಸರ್ಟಿಫಿಕೇಟ್‌ಗೆ ಎಳೆ ಮಗುವನ್ನು ಎತ್ತಿಕೊಂಡು ಬಂದ ಬಾಣಂತಿಗೆ ಆ ಜ್ವರ ಹತ್ತುತ್ತದೆ. ಸಾರ್ವಜನಿಕರು ದಿನವಿಡೀ ಬಂದುಹೋಗುವ ಕಚೇರಿ ನಮ್ಮದು. ನಿಮ್ಮ ಕಾಮಾಲೆಯನ್ನೇ ನೆನಪಿಸಿಕೊಳ್ಳಿ. ನೀವು ಹತ್ತನೇ ದಿನಕ್ಕೆ ಕೆಲಸಕ್ಕೆ ಹೋಗಿ, ಎಲ್ಲರ ಜೊತೆ ಒಂದೇ ಕುಡಿಯುವ ನೀರಿನ ಪಾತ್ರೆ ಮುಟ್ಟಿದ್ದರೆ?

ಹಾಗಾದರೆ ಮನವಿಯಲ್ಲಿ ಏನು ಬರೆಯುವುದು? ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಕಚೇರಿಯಲ್ಲಿ ಕೂರುವ ನಮಗೆ ಕಾಗದದ ಮೇಲೆ ರಜೆ ಸಾಕಷ್ಟು ಇದೆ. ಕ್ಯಾಶುವಲ್ 20, ಅರ್ನ್ಡ್ 33, ಹಾಫ್ ಪೇ 20. ಖಾತೆ ಬರಿದಾದ ಮೇಲೂ ಇಡೀ ಸೇವೆಯಲ್ಲಿ 360 ದಿನದವರೆಗೆ ಲೀವ್ ನಾಟ್ ಡ್ಯೂ ಎಂದು ಮುಂಗಡವಾಗಿ ಅರ್ಧ ವೇತನದ ರಜೆ ಪಡೆಯಬಹುದು. ನಮಗಿರುವ ಕೊರತೆ ದಿನಗಳದ್ದಲ್ಲ, ಬದಲಿ ಜನರದ್ದು. ಒಬ್ಬರು ರಜೆ ಹಾಕಿದರೆ ಅವರ ಫೈಲ್ ನೋಡುವವರಿಲ್ಲ. ಅದಕ್ಕೇ ರಜೆ ಕೇಳಿದಾಗ ಮೇಲಿನವರ ಮುಖ ಗಂಟಿಕ್ಕುತ್ತದೆ. ಖಾಲಿ ಹುದ್ದೆ ತುಂಬಿ, ರಜೆಗೆ ಬದಲಿ ವ್ಯವಸ್ಥೆ ಮಾಡಿ ಎಂದು ಕೇಳುವುದು ಐದು ದಿನ ಜಾಸ್ತಿ ಕೇಳುವುದಕ್ಕಿಂತ ಹೆಚ್ಚು ಉಪಯೋಗ.

ನಿಜವಾಗಿ ರಜೆ ಇಲ್ಲದವರು ಬೇರೆ ಇದ್ದಾರೆ. ನೀವು ಹೇಳಿದ ಆ ಅಣ್ಣ. ಕಾಯಿಲೆ ಬರುವ ಕೆಲಸ ಅವರದ್ದು, ಕಾಯಿಲೆ ರಜೆ ನಮ್ಮದು. ಈ ತಿರುವುಮುರುವು ಸರಿಯಾಗದೆ ಯಾವ ಪರಿಷ್ಕರಣೆಯೂ ನ್ಯಾಯವಲ್ಲ ಎಂದು ನಾನು ನಂಬಿದ್ದೇನೆ. ಇಲಿಜ್ವರ ಹೇಗೆ ಬರುತ್ತದೆ? ಇಲಿಯ ಮೂತ್ರ ಸೇರಿದ ನೀರು, ಕೆಸರು ಗಾಯದ ಮೂಲಕ ಮೈಗೆ ಸೇರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರಂಡಿಯಲ್ಲಿ ಕಾಲಿಡುವವರಿಗೆ ಅದು ದಿನದ ಅಪಾಯ. ಅದಕ್ಕೇ ಆರೋಗ್ಯ ಇಲಾಖೆ ಇಂಥವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕೊಡುತ್ತದೆ. ಮಾತ್ರೆ ಕೊಟ್ಟದ್ದು ಒಳ್ಳೆಯದು. ಆದರೆ ಜ್ವರ ಬಂದ ದಿನ ಕೂಲಿ ತಪ್ಪುತ್ತದೆ ಎಂದರೆ ಅವರು ಜ್ವರವನ್ನು ಮುಚ್ಚಿಡುತ್ತಾರೆ. ಇಲಿಜ್ವರದಲ್ಲಿ ಮೂರು ದಿನ ತಡ ಮಾಡುವುದು ಎಂದರೆ ಕಿಡ್ನಿ, ಲಿವರ್‌ಗೆ ಕುತ್ತು. ಹರಿತ ಕರ್ಮ ಸೇನೆಯ ಅಕ್ಕಂದಿರ ಪಾಡೂ ಬೇರೆಯಲ್ಲ. ಮನೆಮನೆ ತಿರುಗಿ ಪ್ಲಾಸ್ಟಿಕ್ ಎತ್ತುವ ಅವರು ನಗರಸಭೆಯ ನೌಕರರೇ ಅಲ್ಲ. ಮನೆಯವರು ಕೊಡುವ ಶುಲ್ಕವೇ ಅವರ ಆದಾಯ. ಹೋಗದ ದಿನ ಆದಾಯವಿಲ್ಲ.

ಅವರಿಗೆ ದಾರಿ ಇದೆಯೇ ಎಂದು ಕೇಳಿದ್ದೀರಿ. ಇದೆ, ಆದರೆ ಯಾರಾದರೂ ಕೇಳಬೇಕು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರಿಗೆ ಕಾಯಿಲೆಯ ದಿನಗಳಲ್ಲಿ ಕೂಲಿಯ ಶೇ. 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಕೆಲಸಗಾರ ಕಟ್ಟಬೇಕಾದದ್ದು ಕೂಲಿಯ ಶೇ. 0.75, ಕೆಲಸ ಕೊಟ್ಟವರು ಕಟ್ಟಬೇಕಾದದ್ದು ಶೇ. 3.25. ನಗರಸಭೆಗಳ ದಿನಗೂಲಿ ಮತ್ತು ಗುತ್ತಿಗೆ ಕೆಲಸಗಾರರನ್ನು ಇದರೊಳಗೆ ತರಬೇಕು ಎಂದು 2021ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವೇ ಹೇಳಿದೆ. ನಿಮ್ಮ ನಗರಸಭೆಯಲ್ಲಿ ಆ ಅಣ್ಣನ ಹೆಸರಲ್ಲಿ ಇಎಸ್‌ಐ ಕಟ್ಟುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಗುತ್ತಿಗೆದಾರರ ಮೂಲಕ ಬಂದವರಾದರೆ ಗುತ್ತಿಗೆದಾರರ ಬಿಲ್ಲಿನ ಜೊತೆ ಇಎಸ್‌ಐ ರಸೀದಿ ಇದೆಯೇ ಎಂದು ನೋಡುವುದು ನಿಮ್ಮದೇ ಸೆಕ್ಷನ್‌ನ ಕೆಲಸ.

ದಿನಗೂಲಿಯವರಿಗೆ ಹಕ್ಕೇ ಇಲ್ಲ ಎನ್ನುವ ಮಾತನ್ನು ಸುಪ್ರೀಂ ಕೋರ್ಟ್ 2000ದ ಮಾರ್ಚ್‌ನಲ್ಲೇ ಒಡೆದಿದೆ. ದೆಹಲಿ ಮುನಿಸಿಪಲ್ ಕಾರ್ಪೊರೇಶನ್‌ನಲ್ಲಿ ಮಸ್ಟರ್ ರೋಲ್, ಅಂದರೆ ದಿನಗೂಲಿ ಹಾಜರಿ ಪಟ್ಟಿಯ ಮೇಲೆ ರಸ್ತೆ ಕೆಲಸ ಮಾಡುವ ಹೆಂಗಸರಿಗೂ ಹೆರಿಗೆ ರಜೆಯ ಸೌಲಭ್ಯ ಕೊಡಬೇಕು ಎಂದು ಅದು ಹೇಳಿತು. ಕರ್ನಾಟಕದಲ್ಲಿ ಪೌರಕಾರ್ಮಿಕರು 2022ರ ಜುಲೈಯಲ್ಲಿ ಮುಷ್ಕರ ಹೂಡಿದ ಮೇಲೆ ಕಾಯಮಾತಿಗೆ ವೇಗ ಬಂತು. 2025ರ ಮೇ 1ರಂದು ಬೆಂಗಳೂರಿನಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇಮಕಾತಿ ಪತ್ರ ಕೊಟ್ಟರು. ಕಾಯಂ ಆದ ದಿನದಿಂದ ಅವರಿಗೂ ರಜೆಯ ಖಾತೆ ತೆರೆಯುತ್ತದೆ. ನಿಮ್ಮ ಮನವಿಯಲ್ಲಿ ಇವೆರಡನ್ನೂ ಸೇರಿಸಿ.

ಕೌನ್ಸಿಲ್‌ಗೆ ಮಾಡಲು ಸಾಧ್ಯವಿರುವ ಕೆಲಸವೂ ಇಲ್ಲೇ ಇದೆ. ಗಂಬೂಟು, ಕೈಗವಸು ಕೊಡುವುದು, ಮಳೆಗಾಲಕ್ಕೆ ಮೊದಲು ಆರೋಗ್ಯ ತಪಾಸಣೆ ಮಾಡಿಸುವುದು, ವಾರಕ್ಕೊಂದು ದಿನ ಬಿಡುವು ಸಿಗುವಂತೆ ಸರದಿ ಹಾಕುವುದು, ಇಎಸ್‌ಐ ಪಾಲಿಗೆ ಬಜೆಟ್‌ನಲ್ಲಿ ಹಣ ಇಡುವುದು. ಇದಕ್ಕೆ ತಿರುವನಂತಪುರದ ಕಡೆ ನೋಡಬೇಕಾಗಿಲ್ಲ. ನಿಮ್ಮ ವಾರ್ಡಿನ ಕೌನ್ಸಿಲರ್ ಹತ್ತಿರ ಮಾತಾಡಿದರೆ ಮುಂದಿನ ಸಭೆಯ ಅಜೆಂಡಾಕ್ಕೆ ಬರಬಹುದು.

ಆ ಅಣ್ಣನಿಗೆ ಮಲಯಾಳ ಬರೆಯಲು ಬರುವುದಿಲ್ಲ ಎಂದು ಅರ್ಜಿ ನಿಲ್ಲಬೇಕಾಗಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಪ್ರಕಾರ ಕನ್ನಡ ಭಾಷಾ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್‌ಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಬೇಗ ಕೆಲಸ ಆಗಬೇಕಾದರೆ ನೀವೇ ಒಂದು ಮಲಯಾಳ ಪ್ರತಿ ಬರೆದು ಜೊತೆಗೆ ಲಗತ್ತಿಸಿ, ಅಷ್ಟು ಸಹಾಯ ನಿಮ್ಮಿಂದ ಆಗುತ್ತದೆ. ಅರ್ಜಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಎಲ್ಲಿ ಕೆಲಸ, ಜ್ವರ ಬಂದ ದಿನಾಂಕ, ಆಸ್ಪತ್ರೆಯ ಚೀಟಿ, ಆ ತಿಂಗಳ ಮಸ್ಟರ್ ರೋಲ್‌ನಲ್ಲಿ ಅವರ ಹಾಜರಿ, ಇಷ್ಟು ಇರಲಿ. ನಿಮ್ಮ ಕಮ್ಯೂಟೆಡ್ ಲೀವ್ ಅರ್ಜಿ, ಅವರ ಇಎಸ್‌ಐ ಅರ್ಜಿ, ಎರಡಕ್ಕೂ ಫ್ರಂಟ್ ಆಫೀಸಿನಲ್ಲಿ ರಸೀದಿ ಪಡೆದುಕೊಳ್ಳಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಆ ರಸೀದಿಯ ನಂಬರ್ ಹಾಕಿ ಸೆಕ್ರೆಟರಿಗೆ ನೆನಪೋಲೆ ಬರೆಯಿರಿ.